ಅಮಿಶ್ ಹೆಂಗಸರು ‘ನರ್ವ್ಸ್ ಸರಿ ಇಲ್ಲ’ ಅಂತ ಬಂದ್ರೆ ಏನ್ ಮಾಡ್ಬೇಕು

ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೋ, ಇಂಡಿಯಾನಾ ಕಡೆ ಆಸ್ಪತ್ರೆ ಕೆಲಸಕ್ಕೆ ಸೇರಿರೋ ನಮ್ಮವರು ಆಗಾಗ ಕೇಳ್ತಿರ್ತಾರೆ, ಅಮಿಶ್ (ಹೊಸ ಯಂತ್ರಗಳಿಂದ ದೂರ ಇದ್ದು ಸರಳವಾಗಿ ಬದುಕೋ ಕ್ರೈಸ್ತ ಪಂಗಡ) ಹೆಂಗಸರ ಹತ್ರ ಮನಸ್ಸಿನ ಕಾಯಿಲೆ ವಿಷಯ ಹೇಗೆ ಎತ್ತೋದು ಅಂತ. ನಾನು ಲ್ಯಾಂಕಾಸ್ಟರ್ ಕೌಂಟಿ ಸುತ್ತಮುತ್ತ ನರ್ಸ್ ಕೆಲ್ಸ ಮಾಡಿದೀನಿ, ಕಲ್ತಿದ್ದೆಲ್ಲ ಎಡವಟ್ಟು ಮಾಡ್ಕೊಂಡೇ.

ಮೊದ್ಲು ಫೋನ್ ವಿಷಯ. ಮನೆ ಒಳಗೆ ಫೋನ್ ಇರಲ್ಲ, ಹೊಲದ ಅಂಚಲ್ಲೋ ರಸ್ತೆ ಪಕ್ಕದಲ್ಲೋ ಒಂದು ಪುಟ್ಟ ಮರದ ಗೂಡು, ನಮ್ಮೂರ ಹಳೇ ಎಸ್‌ಟಿಡಿ ಬೂತ್ ಇತ್ತಲ್ಲ ಆ ಥರ, ಅದ್ರೊಳಗೆ ಒಂದು ಫೋನು, ಒಂದು ಆನ್ಸರಿಂಗ್ ಮೆಷಿನ್ನು, ಎಷ್ಟೋ ಕಡೆ ಮೂರ್ನಾಲ್ಕು ಮನೆಯವ್ರು ಸೇರಿ ಇಟ್ಕೊಂಡಿರೋದು. ನಾನು ಇದು ಗೊತ್ತಿಲ್ದೆ ಒಬ್ಬ ಬಾಣಂತಿಗೆ ‘ನಿಮ್ಮ ಡಿಪ್ರೆಷನ್ ಮಾತ್ರೆ ರೆಡಿ ಇದೆ’ ಅಂತ ನೀಟಾಗಿ ಮೆಸೇಜ್ ಬಿಟ್ಟೆ. ಬಟನ್ ಒತ್ತಿ ಕೇಳಿಸ್ಕೊಂಡಿದ್ದು ಪಕ್ಕದ ಮನೆ ಗಂಡಸು. ಆಮೇಲೆ ಆಯಮ್ಮ ನಮ್ಮ ಕಡೆ ತಲೆ ಹಾಕ್ಲಿಲ್ಲ. ಅದಕ್ಕೇ ಹೇಳ್ತೀನಿ, ಮೆಸೇಜಲ್ಲಿ ನಿಮ್ಮ ಹೆಸರು, ವಾಪಸ್ ಮಾಡ್ಬೇಕಾದ ನಂಬರ್, ಅಷ್ಟೇ ಸಾಕು. ಇನ್ನೂ ಒಳ್ಳೇದು ಅಂದ್ರೆ ಮೊದಲ ಭೇಟಿಲೇ ‘ಕಾಗದ ಹಾಕ್ಲಾ, ಪೋಸ್ಟ್ ಯಾರು ತಗೋತಾರೆ’ ಅಂತ ಕೇಳ್ಬಿಡಿ. ವಿಡಿಯೋ ಕಾಲ್ ಕನ್ಸಲ್ಟೇಷನ್ ಅನ್ನೋದನ್ನ ಮರ್ತುಬಿಡಿ.

ಡಿಪ್ರೆಷನ್ ಅನ್ನೋ ಪದನ ನೀವಾಗೇ ಎತ್ಬೇಡಿ, ಅವ್ರು ‘ನರ್ವ್ಸ್’ ಅಂತಾರೆ, ನೀವೂ ಹಾಗೇ ಶುರು ಮಾಡಿ. ಮನೆಮಾತು ಪೆನ್ಸಿಲ್ವೇನಿಯಾ ಡಚ್ (ಜರ್ಮನ್‌ನ ಒಂದು ಆಡುಮಾತು), ಇಂಗ್ಲಿಷ್ ಸ್ಕೂಲಲ್ಲಿ ಕಲ್ತಿದ್ದು, ಸ್ಕೂಲು 8ನೇ ಕ್ಲಾಸಿಗೆ ಮುಗೀತು (1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಅದಕ್ಕೆ ಒಪ್ಪಿದೆ). ದಡ್ಡರು ಅಂತಲ್ಲ ಮಾರಾಯ್ರೆ, ಲೆಕ್ಕಾಚಾರದಲ್ಲಿ ನಮ್ಮನ್ನ ಮಾರಿ ಬರ್ತಾರೆ, ಆದ್ರೆ ಅಳು ಬರೋ ವಿಷಯ ಎರಡನೇ ಭಾಷೇಲಿ ಹೇಳೋದು ಕಷ್ಟ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬಾಣಂತಿಯರಿಗೆ ಎಡಿನ್‌ಬರ್ಗ್ ಸ್ಕೇಲ್‌ನ (ಹೆರಿಗೆ ಆದ್ಮೇಲಿನ ಡಿಪ್ರೆಷನ್ ಪತ್ತೆ ಮಾಡೋ ಫಾರ್ಮ್) 10 ಪ್ರಶ್ನೆ ಕೇಳುವಾಗ ಫಾರ್ಮ್ ಕೈಗೆ ಕೊಟ್ಟು ಹೋಗ್ಬಿಡ್ಬೇಡಿ, ಪಕ್ಕ ಕೂತು ನಿಧಾನಕ್ಕೆ ಓದಿ ಕೇಳಿ, 10ನೇದು ಜೀವಕ್ಕೆ ಹಾನಿ ಮಾಡ್ಕೊಳ್ಳೋ ಯೋಚನೆ ಬಗ್ಗೆ, ಅದನ್ನ ಮಾತ್ರ ಯಾವ ಕಾರಣಕ್ಕೂ ಬಿಡ್ಬೇಡಿ.

ಗೆಲಾಸೆನ್‌ಹೈಟ್ ಅಂತ ಅವ್ರಲ್ಲೊಂದು ಮಾತಿದೆ, ನಾನು ಅನ್ನೋದನ್ನ ಬಿಟ್ಟು ದೇವರಿಗೂ ಸಮುದಾಯಕ್ಕೂ ತಲೆಬಾಗೋದು ಅಂತ. ಇದ್ರಲ್ಲೇ ಬೆಳೆದ ಹೆಂಗಸಿಗೆ ‘ಮೊದ್ಲು ನಿಮ್ಮನ್ನ ನೀವು ನೋಡ್ಕೊಳ್ಳಿ’ ಅಂದ್ರೆ ಸ್ವಾರ್ಥಿ ಆಗಿ ಅಂದ ಹಾಗೆ ಕೇಳ್ಸತ್ತೆ. ‘ರಾತ್ರಿ ನಿದ್ದೆ ಬಂದ್ರೆ ಬೆಳಿಗ್ಗೆ ಮಕ್ಕಳ ಜೊತೆ ಇರಕ್ಕಾಗತ್ತೆ’ ಅನ್ನಿ, ತಲೆ ಆಡಿಸ್ತಾರೆ.

ಐದು ನಿಮಿಷ ಆದ್ರೂ ಒಬ್ಬರನ್ನೇ ಕೂರಿಸ್ಕೊಂಡು ಮಾತಾಡಿ. ಗಂಡ ಬಂದಿರ್ತಾನೆ, ಬಾಡಿಗೆಗೆ ಕಾರ್ ಓಡಿಸೋ ‘ಇಂಗ್ಲಿಷ್’ ಡ್ರೈವರ್ ಹೊರಗೆ ಕಾಯ್ತಿರ್ತಾನೆ (ಅಮಿಶ್ ಅಲ್ಲದವರೆಲ್ಲ ಅವರ ಲೆಕ್ಕದಲ್ಲಿ ಇಂಗ್ಲಿಷೇ, ಹಾಸನದಿಂದ ಬಂದ ನಾನೂ ಸೇರಿ!), ಆ ಡ್ರೈವರ್ ನಾಳೆ ಅವರ ನಾದಿನಿನ ಕರ್ಕೊಂಡು ಹೋಗೋನು, ಹಾಗಾಗಿ ವೇಟಿಂಗ್ ರೂಮಲ್ಲಿ ಮಾತು ಬೇಡ. ಮನೇಲಿ ಹೊಡೆತ ಬಡಿತ ಇದ್ಯಾ ಅಂತ ಕೇಳೋದು ಆವಾಗ್ಲೇ. ತಪ್ಪು ಮಾಡಿದವನು ಚರ್ಚಲ್ಲಿ ಒಪ್ಕೊಂಡ್ರೆ ಕ್ಷಮಿಸಿ ಮರೀಬೇಕು ಅನ್ನೋ ಒತ್ತಡ ಇವರ ಮೇಲೆ ತುಂಬಾ ಇರತ್ತೆ, ಅದಕ್ಕೇ ಇಂಥ ವಿಷಯನ ಬಿಷಪ್ ನೋಡ್ಕೋತಾರೆ ಅಂತ ಕೈ ಬಿಡೋದು ನನ್ನ ಪ್ರಕಾರ ದೊಡ್ಡ ತಪ್ಪು, ಮಕ್ಕಳಿಗೆ ತೊಂದರೆ ಆಗಿದೆ ಅಂತ ಅನುಮಾನ ಬಂದ್ರಂತೂ ರಿಪೋರ್ಟ್ ಮಾಡ್ಲೇಬೇಕು, ಕಾನೂನು ಇದೆ.

ಮಾತ್ರೆ ಕೊಡೋ ಮುಂಚೆ ಸೊಪ್ಪು ಬೇರು ಟಿಂಚರ್ ಏನೇನು ತಗೋತಿದಾರೆ ಕೇಳಿ, ಬೈಬೇಡಿ, ಬೈದ್ರೆ ಮುಂದಿನ ಸಲ ಹೇಳಲ್ಲ. ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಜೊತೆ ಎಸ್‌ಎಸ್‌ಆರ್‌ಐ ಅನ್ನೋ ಡಿಪ್ರೆಷನ್ ಮಾತ್ರೆ ಸೇರಿದ್ರೆ ಅಪಾಯ. ಲಿಥಿಯಂ (ಮನಸ್ಸಿನ ಏರುಪೇರು ಹಿಡಿತಕ್ಕೆ ತರೋ ಮಾತ್ರೆ) ತಗೋತಿರೋರಿಗೆ ಆಗಸ್ಟ್ ತಿಂಗಳು ಕಷ್ಟ: ಎಸಿ ಇಲ್ಲದ ಅಡುಗೆಮನೇಲಿ ದಿನವಿಡೀ ಟೊಮ್ಯಾಟೊ ಬೇಯಿಸಿ ಗಾಜಿನ ಜಾರಿಗೆ ತುಂಬ್ತಾ ಬೆವರು ಸುರಿಸಿ, ಸೊಂಟ ನೋವಿಗೆ ಒಂದು ಐಬುಪ್ರೊಫೆನ್ ನುಂಗಿದ್ರೆ ರಕ್ತದಲ್ಲಿ ಲಿಥಿಯಂ ಏರತ್ತೆ. ನೀರು ಕುಡೀರಿ, ಕೈ ನಡುಗಿದ್ರೆ ತಕ್ಷಣ ಬನ್ನಿ ಅಂತ ಚೀಟಿ ಬರ್ಕೊಡಿ.

ದುಡ್ಡಿನ ಮಾತು ಮೊದ್ಲೇ ಆಡಿ. ಹೆಚ್ಚಿನವರಿಗೆ ಇನ್ಶೂರೆನ್ಸ್ ಇಲ್ಲ, ಕೈಯಿಂದ ಕೊಡ್ತಾರೆ, ಸಾಲದಿದ್ರೆ ಚರ್ಚ್ ಸಭೆಯವರು ಸೇರಿ ಹಾಕ್ತಾರೆ, ಆದ್ರೆ ಸಭೆಗೆ ಬಿಲ್ ಹೋಯ್ತು ಅಂದ್ರೆ ವಿಷಯಾನೂ ಹೋಯ್ತು. ಒಳರೋಗಿ ಆಗ್ಬೇಕು ಅನ್ನೋ ಮಟ್ಟಕ್ಕೆ ಇಲ್ಲ, ಆದ್ರೆ ಮನೇಲಿ ಇರೋದೂ ಕಷ್ಟ ಅನ್ನೋರಿಗೆ ಪೆನ್ಸಿಲ್ವೇನಿಯಾದ ಮೌಂಟ್ ಗ್ರೆಟ್ನಾದಲ್ಲಿರೋ ಫಿಲ್‌ಹೇವನ್ ಮಾನಸಿಕ ಆಸ್ಪತ್ರೆ ಆವರಣದಲ್ಲಿ ಗ್ರೀನ್ ಪಾಸ್ಚರ್ಸ್ ಇದೆ, 2005ರಿಂದ, ಇಂಡಿಯಾನಾದ ಗೋಶನ್‌ನಲ್ಲಿ ರೆಸ್ಟ್ ಹೇವನ್, ಎರಡರಲ್ಲೂ ಮನೆ ನೋಡ್ಕೊಳ್ಳೋದು ಅವರ ಕಡೆಯವ್ರೇ. ಜೀವಕ್ಕೇ ಅಪಾಯ ಅನ್ಸಿದ್ರೆ ಇದ್ಯಾವುದಕ್ಕೂ ಕಾಯ್ಬೇಡಿ, ನೇರ ಎಮರ್ಜೆನ್ಸಿಗೆ. 988 ನಂಬರ್‌ನ (ಆತ್ಮಹತ್ಯೆ ತಡೆಯೋ ಸಹಾಯವಾಣಿ) ಚೀಟಿ ಮೇಲೆ ಬರ್ದಿಡಿ, ಗೂಡಿನ ಫೋನಿಂದಾನೂ ಹೋಗತ್ತೆ.

ಆಮೇಲೆ ಅಪಾಯಿಂಟ್‌ಮೆಂಟ್. ಸೋಮವಾರ ಬಟ್ಟೆ ಒಗೆಯೋ ದಿನ, ಲ್ಯಾಂಕಾಸ್ಟರ್ ಕಡೆ ನವೆಂಬರ್ ಬಂತು ಅಂದ್ರೆ ಮಂಗಳವಾರ ಗುರುವಾರ ಪೂರ್ತಿ ಮದುವೆಗಳು, ಬರಲ್ಲ. ಬುಧವಾರ ಕೇಳಿ ನೋಡಿ.