ಕಾಯಿಸಬೇಡಿ, ಆಗಿದ್ದಷ್ಟನ್ನು ಕಳಿಸಿ: ಸರ್ವರ್‌ನಿಂದ ಬ್ರೌಸರ್‌ಗೆ ತುಣುಕು ತುಣುಕಾಗಿ ಡೇಟಾ

ಬಟನ್ ಒತ್ತಿದರೆ ಪೇಜ್ ಖಾಲಿ ಕೂತಿರುತ್ತದೆ. 40 ಸೆಕೆಂಡ್ ಆದಮೇಲೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ. ಒಂದು ಸಂಘಕ್ಕೆ ಸದಸ್ಯರ ಪಟ್ಟಿ ತಾಳೆ ನೋಡುವ ಪೇಜ್ ಮಾಡಿಕೊಟ್ಟಾಗ ನನಗೂ ಹೀಗೇ ಆಯಿತು. ಕಾದು ಬೇಸತ್ತವರು ಮತ್ತೆ ಮತ್ತೆ ಬಟನ್ ಒತ್ತಿದರು. ಒಂದೇ ಪಟ್ಟಿ ಮೂರು ಸಲ ಓಡಿತು!

ಹೋಟೆಲಿನಲ್ಲಿ ಹತ್ತೂ ದೋಸೆ ಬೇಯಲಿ ಅಂತ ಮೊದಲನೆಯದನ್ನು ತಡೆದು ಇಡುವುದಿಲ್ಲ, ಅಲ್ವಾ? ವೆಬ್‌ನಲ್ಲೂ ಇದು ಹಳೆಯ ಸೌಲಭ್ಯವೇ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿ ಎಚ್‌ಟಿಟಿಪಿ. ಅದರ 1997ರ 1.1 ಆವೃತ್ತಿಯಲ್ಲೇ ಉತ್ತರವನ್ನು ತುಣುಕುಗಳಾಗಿ ಕಳಿಸುವ ದಾರಿ ಇತ್ತು. ಅದರ ಮೇಲೆ ನಿಂತಿರುವ ಸುಲಭದ ವಿಧಾನ ಸರ್ವರ್-ಸೆಂಟ್ ಈವೆಂಟ್ಸ್. ತೆರೆದಿಟ್ಟ ಒಂದೇ ಸಂಪರ್ಕದಲ್ಲಿ ಸರ್ವರ್ ಒಂದೊಂದೇ ಸುದ್ದಿ ಕಳಿಸುತ್ತಾ ಹೋಗುತ್ತದೆ.

ಮೊದಲು ಸರ್ವರ್ ಕಡೆ ಕೆಲಸ. ಉತ್ತರ ಯಾವ ಬಗೆಯದು ಅಂತ ಹೇಳುವ ಕಂಟೆಂಟ್-ಟೈಪ್ ಹೆಡರ್‌ನಲ್ಲಿ 'ಟೆಕ್ಸ್ಟ್/ಈವೆಂಟ್-ಸ್ಟ್ರೀಮ್' ಎಂದು ಕೊಡಿ (ಕೋಡ್‌ನಲ್ಲಿ ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು). ಆಮೇಲೆ ಪ್ರತಿ ಸುದ್ದಿಗೂ ಹೀಗೊಂದು ಸಾಲು:

ಡೇಟಾ: 120 ಹೆಸರು ನೋಡಿ ಆಯಿತು

ಅದರ ಕೆಳಗೆ ಒಂದು ಖಾಲಿ ಸಾಲು. ಇದನ್ನು ಮರೆಯಬೇಡಿ. ಖಾಲಿ ಸಾಲು ಬರುವ ತನಕ ಸುದ್ದಿ ಮುಗಿಯಿತೆಂದು ಬ್ರೌಸರ್ ಒಪ್ಪುವುದಿಲ್ಲ. ಪ್ರತಿ ಸುದ್ದಿ ಬರೆದ ಕೂಡಲೇ ಫ್ಲಷ್ ಮಾಡಿ, ಅಂದರೆ ಕೂಡಿಡದೆ ಆಗಲೇ ಹೊರಗೆ ಕಳಿಸಿ.

ಪೇಜ್ ಕಡೆ ಕೆಲಸ ಇನ್ನೂ ಕಡಿಮೆ. ಜಾವಾಸ್ಕ್ರಿಪ್ಟ್‌ನಲ್ಲಿ ಸುದ್ದಿ ಕಳಿಸುವ ಸರ್ವರ್ ವಿಳಾಸ ಕೊಟ್ಟು ಹೊಸ ಈವೆಂಟ್‌ಸೋರ್ಸ್ (ಈ ಸುದ್ದಿಗಳನ್ನು ಕೇಳಿಸಿಕೊಳ್ಳುವ ಬ್ರೌಸರಿನ ಸೌಲಭ್ಯ) ತೆರೆಯಿರಿ. ಸುದ್ದಿ ಬಂದಾಗಲೆಲ್ಲ ಓಡುವ ಅದರ ಆನ್‌ಮೆಸೇಜ್‌ನಲ್ಲಿ, ಬಂದದ್ದನ್ನು ಪೇಜ್‌ಗೆ ಸೇರಿಸಿ. ಅಷ್ಟೇ.

ಇಷ್ಟೆಲ್ಲ ಮಾಡಿದರೂ ಎಲ್ಲ ಒಟ್ಟಿಗೇ ಬರುತ್ತಿದೆಯಾ? ನಾನು ಅರ್ಧ ದಿನ ಕಳೆದದ್ದು ಇಲ್ಲೇ. ತಪ್ಪು ನಿಮ್ಮ ಕೋಡ್‌ನಲ್ಲಿ ಇಲ್ಲದಿರಬಹುದು, ದಾರಿಯಲ್ಲಿ ಯಾರೋ ಹಿಡಿದಿಟ್ಟುಕೊಂಡಿರುತ್ತಾರೆ. ನಿಮ್ಮ ಪ್ರೋಗ್ರಾಮಿನ ಮುಂದೆ ಎಂಜಿನ್‌ಎಕ್ಸ್ ಪ್ರಾಕ್ಸಿ (ನಡುವೆ ನಿಂತು ಉತ್ತರ ದಾಟಿಸುವ ಸರ್ವರ್) ಇದ್ದರೆ, ಅದು ತಾನಾಗಿಯೇ ಉತ್ತರವನ್ನು ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಜಾಗದಲ್ಲಿ, ತುಂಬಿಕೊಳ್ಳುತ್ತದೆ. ಆ ವಿಳಾಸಕ್ಕೆ ಮಾತ್ರ ಪ್ರಾಕ್ಸಿ ಬಫರಿಂಗ್ ಆಫ್ ಮಾಡಿ. ಉತ್ತರವನ್ನು ಚಿಕ್ಕದಾಗಿಸುವ ಜಿಜಿಪ್ ಕಂಪ್ರೆಷನ್ ಕೂಡ ಸಾಕಷ್ಟು ಸೇರಲಿ ಅಂತ ಕಾಯಬಹುದು, ಅದನ್ನೂ ತೆಗೆಯಿರಿ. ಯಾರು ಹಿಡಿದಿದ್ದಾರೆ ಅಂತ ಪತ್ತೆ ಮಾಡಲು ಕರ್ಲ್‌ಗೆ (ಕಮಾಂಡ್ ಸಾಲಿನಿಂದ ವೆಬ್ ವಿಳಾಸ ತೆರೆಯುವ ಸಾಧನ) ಬಂದದ್ದನ್ನು ಕೂಡಿಡದಂತೆ ಹೇಳುವ 'ಮೈನಸ್ ದೊಡ್ಡ ಎನ್' (-N) ಆಯ್ಕೆ ಕೊಟ್ಟು, ಮೊದಲು ನಿಮ್ಮ ಪ್ರೋಗ್ರಾಮಿನ ಪೋರ್ಟ್‌ಗೇ ಕೇಳಿ, ಆಮೇಲೆ ಪ್ರಾಕ್ಸಿ ಮೂಲಕ ಕೇಳಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಕಾಟ: 60 ಸೆಕೆಂಡ್ ಏನೂ ಬಾರದಿದ್ದರೆ ಎಂಜಿನ್‌ಎಕ್ಸ್ ಸಾಮಾನ್ಯವಾಗಿ ಸಂಪರ್ಕ ಕಡಿದುಬಿಡುತ್ತದೆ. 15 ಸೆಕೆಂಡಿಗೊಮ್ಮೆ ಬರೀ ಕೋಲನ್‌ನಿಂದ (:) ಶುರುವಾಗುವ ಸಾಲೊಂದನ್ನು ಸುಮ್ನೆ ಕಳಿಸುತ್ತಿರಿ. ಬ್ರೌಸರ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಈವೆಂಟ್‌ಸೋರ್ಸ್ ಬಿಟ್ಟು ಫೆಚ್ (ಜಾವಾಸ್ಕ್ರಿಪ್ಟ್‌ನಲ್ಲಿ ಡೇಟಾ ತರಿಸುವ ಇನ್ನೊಂದು ದಾರಿ) ಬಳಸಿ ತುಣುಕುಗಳನ್ನು ನೀವೇ ಓದುತ್ತೀರಾದರೆ ಕನ್ನಡಕ್ಕೆ ಜಾಸ್ತಿ ಎಚ್ಚರ ಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಅಂದರೆ 3 ಬೈಟ್. 'ಕ್ಷ' ಅಂದರೆ 9. ತುಣುಕು ಎಲ್ಲಿ ತುಂಡಾಗುತ್ತದೆ ಅಂತ ಹೇಳಲಾಗದು. ಅಕ್ಷರದ ನಡುವೆಯೇ ತುಂಡಾದರೆ ಪ್ರಶ್ನೆಚಿಹ್ನೆಯ ಕಪ್ಪು ಡೈಮಂಡ್ ಕಾಣಿಸುತ್ತದೆ. ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಇಡೀ ಓದಿಗೂ ಒಂದೇ ಟೆಕ್ಸ್ಟ್‌ಡಿಕೋಡರ್ (ಬೈಟ್‌ಗಳನ್ನು ಅಕ್ಷರ ಮಾಡುವ ಸಾಧನ) ಇಟ್ಟುಕೊಂಡು, ಡಿಕೋಡ್ ಮಾಡುವಾಗ 'ಸ್ಟ್ರೀಮ್: ಟ್ರೂ' ಕೊಡಿ. ಅರ್ಧ ಬಂದ ಅಕ್ಷರವನ್ನು ಅದು ಮುಂದಿನ ತುಣುಕು ಬರುವ ತನಕ ಇಟ್ಟುಕೊಳ್ಳುತ್ತದೆ. ಈವೆಂಟ್‌ಸೋರ್ಸ್ ಆದರೆ ಈ ತಲೆನೋವೇ ಇಲ್ಲ.

ಕೊನೆಯದಾಗಿ, ಮುಗಿಸುವುದು. ಸಂಪರ್ಕ ತುಂಡಾದರೆ ಈವೆಂಟ್‌ಸೋರ್ಸ್ ತಾನೇ ಮತ್ತೆ ಸೇರಿಕೊಳ್ಳುತ್ತದೆ. ಸುದ್ದಿಗೆ ಐಡಿ ಕೊಟ್ಟಿದ್ದರೆ ಕೊನೆಗೆ ಸಿಕ್ಕ ಐಡಿಯನ್ನೂ ಸರ್ವರ್‌ಗೆ ಹೇಳುತ್ತದೆ. ಒಳ್ಳೆಯದೇ. ಆದರೆ ಕೆಲಸ ಮುಗಿದು ಸರ್ವರ್ ಬಾಗಿಲು ಹಾಕಿದರೂ ಅದಕ್ಕೆ ತುಂಡಾದಂತೆಯೇ ಕಾಣುತ್ತದೆ. ಕೆಲವೇ ಸೆಕೆಂಡಿನಲ್ಲಿ ಮತ್ತೆ ಬಾಗಿಲು ತಟ್ಟುತ್ತದೆ, ಪಟ್ಟಿ ಮತ್ತೆ ಮೊದಲಿಂದ ಓಡುತ್ತದೆ. ಈ ಸಲ ಯಾರೂ ಬಟನ್ ಒತ್ತಬೇಕಾಗಿಯೂ ಇಲ್ಲ! ಅದಕ್ಕೇ ಕೊನೆಯಲ್ಲಿ 'ಮುಗಿಯಿತು' ಅಂತ ಒಂದು ಸುದ್ದಿ ಕಳಿಸಿ, ಅದು ಬಂದ ಕೂಡಲೇ ಪೇಜ್ ಕಡೆಯಿಂದ ಕ್ಲೋಸ್ ಮಾಡಿ.