ಸೀಟಿಗೆ ಮೊದಲು 4 ವರ್ಷದ ಖರ್ಚು ಬರೆಯಿರಿ

ನಮ್ಮದು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಬೆಳೆಯುವ ಮನೆ. ಪಿಯುಸಿ ಮುಗಿದಾಗ ಒಬ್ಬ ಏಜೆಂಟ್ ಖಾಸಗಿ ಕಾಲೇಜಿನ ಕೃಷಿ ಸೀಟಿಗೆ ಅಡ್ವಾನ್ಸ್ ಕೇಳಿದ. ಅಪ್ಪ ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟೆ ಬಿಸಿಲಿಗೆ ಇಡುತ್ತಾ, "ಎರಡು ಬೆಳೆ ದುಡ್ಡು ಹೋಯ್ತದಲ್ಲಮ್ಮ" ಅಂದರು. ಅಲ್ಲಿಗೆ ಬಿಟ್ಟೆ. ಒಳ್ಳೆಯದೇ ಆಯಿತು.

ಮೊದಲು ಸರ್ಕಾರಿ ಕಾಲೇಜು ನೋಡಿ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜು. ಅರಣ್ಯ ಓದಬೇಕೆಂದರೆ ಶಿರಸಿ ಅಥವಾ ಪೊನ್ನಂಪೇಟೆ. ಕೋರ್ಸ್ ಚೆನ್ನಾಗಿದೆ, ಆದರೆ ಊರಿಗೆ ಬಂದುಹೋಗುವ ಬಸ್ ಚಾರ್ಜೂ ಲೆಕ್ಕಕ್ಕೆ ಬರಬೇಕಲ್ವಾ? ಎಲ್ಲವೂ 4 ವರ್ಷದ ಡಿಗ್ರಿ. ಸುಮ್ನೆ ಮೊದಲ ವರ್ಷದ ಫೀಸ್ ನೋಡಿ ಖುಷಿಪಡಬೇಡಿ. ಹಾಸ್ಟೆಲ್, ಊಟ ಸೇರಿಸಿ ನಾಲ್ಕರಿಂದ ಗುಣಿಸಿ.

ಸೀಟು ಸಿಇಟಿ ಮೂಲಕ. ಪಿಯುಸಿಯಲ್ಲಿ ಬಯಾಲಜಿ ಓದಿರಬೇಕು. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರದ ಜೊತೆ ಪ್ರಾಕ್ಟಿಕಲ್ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಹೊಲದಲ್ಲಿ ಬೆಳೆದವರಿಗೆ ಭಯ ಬೇಡ. ಆದರೂ ಹಿಂದಿನ ದಿನ ಅಂಗಳದಲ್ಲಿ ಒಂದೊಂದು ಹಿಡಿ ಹುರುಳಿ, ಅಲಸಂದೆ, ತೊಗರಿ, ಯೂರಿಯಾ, ಡಿಎಪಿ ಸಾಲಾಗಿ ಇಟ್ಟು ಹೆಸರು ಹೇಳಿ ನೋಡಿ. ದಿನಾ ಕಂಡ ಕಾಳೇ ಪರೀಕ್ಷೆಯಲ್ಲಿ ಮರೆತುಹೋಗುತ್ತದೆ.

ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನವನ್ನೂ ವಿಚಾರಿಸಿ. ಆಧಾರ್‌ನಲ್ಲಿ ನನ್ನ ಇನಿಷಿಯಲ್ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ. ಅದೊಂದಕ್ಕೇ ನನ್ನ ದುಡ್ಡು ತಿಂಗಳುಗಟ್ಟಲೆ ನಿಂತಿತ್ತು. ಅದನ್ನು ಈಗಲೇ ಸರಿಮಾಡಿಸಿಕೊಳ್ಳಿ.