ಕಾಫಿ ಕಡ್ಡಿ ಸುಟ್ಟು ಇದ್ದಿಲು ಮಾಡೋಕೆ ಹೊರಟ ನನ್ನ ಅನುಭವ

ನಮ್ದು ಮೂಡಿಗೆರೆ ಕಡೆ, ಐದು ಎಕ್ರೆ ರೋಬಸ್ಟಾ ಕಾಫಿ ಇದೆ. 2019ರ ಆಗಸ್ಟ್ ಮಳೇಲಿ ನಮ್ಮ ತಾಲೂಕಲ್ಲಿ ಗುಡ್ಡ ಜಾರಿ ತೋಟಗಳು ಕೊಚ್ಕೊಂಡು ಹೋಗಿದ್ದು ನೋಡಿದ್ಮೇಲೆ ಬೆಂಗಳೂರಲ್ಲಿ ಕೂತು ಕೋಡ್ ಬರಿಯೋಕೆ ಮನಸ್ಸೇ ಬರ್ಲಿಲ್ಲ, ಊರಿಗೆ ಬಂದು ಫ್ರೆಂಡ್ ಜೊತೆ ಸೇರ್ಕೊಂಡು ಒಂದು ಸ್ಟಾರ್ಟಪ್ ಶುರು ಮಾಡ್ದೆ. ಮೊದ್ಲು ಮಾಡಿದ್ದು ಆ್ಯಪ್. ಕರೆಂಟ್ ಎಷ್ಟು, ಗ್ಯಾಸ್ ಎಷ್ಟು, ಬೈಕ್ ಎಷ್ಟು ಓಡ್ಸ್ತೀರ ಅಂತ ಹಾಕಿದ್ರೆ ನಿಮ್ಮಿಂದ ಗಾಳಿಗೆ ಸೇರೋ ಕಾರ್ಬನ್ ಎಷ್ಟು, ಅಂದ್ರೆ ನಿಮ್ಮ ಕಾರ್ಬನ್ ಫುಟ್‌ಪ್ರಿಂಟ್ ಎಷ್ಟು ಅಂತ ತೋರ್ಸ್ತಿತ್ತು.

ಅದನ್ನ ಹಿಡ್ಕೊಂಡು ಒಂದು ಎಸ್ಟೇಟ್ ಲೈನ್‌ಗೆ, ಅಂದ್ರೆ ತೋಟದ ಕೆಲಸಗಾರರ ಸಾಲು ಮನೆಗಳಿಗೆ ಹೋದ್ವಿ. ಅಲ್ಲೊಬ್ರು ಅಜ್ಜಿ, ಮನೇಲಿ ಎರಡು ಬಲ್ಬು, ಒಂದು ಟಿವಿ, ಸೌದೆ ಒಲೆ, ಅಷ್ಟೇ. ನಾನು ಎಲ್ಲಾ ಕೇಳಿ ತುಂಬಿದ್ಮೇಲೆ "ಸರಿ ಮಗ, ಇದ್ರಲ್ಲಿ ನಾನು ಯಾವ್ದನ್ನ ಬಿಡ್ಲಿ?" ಅಂದ್ರು. ನನ್ ಬಾಯಿ ಕಟ್ಟೋಯ್ತು.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಈ ಕಾರ್ಬನ್ ಫುಟ್‌ಪ್ರಿಂಟ್ ಕ್ಯಾಲ್ಕುಲೇಟರ್‌ನ 2004ರ ಹೊತ್ತಿಗೆ ಜನರ ಮಧ್ಯೆ ಹರಡಿದ್ದೇ ಬಿಪಿ ಅನ್ನೋ ತೈಲ ಕಂಪನಿ. 2017ರ ಕಾರ್ಬನ್ ಮೇಜರ್ಸ್ ವರದಿ ಪ್ರಕಾರ 1988ರಿಂದೀಚೆಗಿನ ಕೈಗಾರಿಕಾ ಹಸಿರುಮನೆ ಅನಿಲದಲ್ಲಿ 71% ಬರೀ 100 ಕಲ್ಲಿದ್ದಲು, ತೈಲ, ಗ್ಯಾಸ್ ಉತ್ಪಾದಕರ ಲೆಕ್ಕಕ್ಕೆ ಬರುತ್ತೆ. ಆ ಲೆಕ್ಕದಲ್ಲಿ ನಾವು ಬೈಕಿಗೆ ಹಾಕ್ಸೋ ಪೆಟ್ರೋಲೂ ಸೇರಿದೆ, ಅದನ್ನ ಮುಚ್ಚಿಡಬಾರ್ದು. ಆದ್ರೂ ಏನು ಮಾರ್ಬೇಕು, ಎಷ್ಟು ತೆಗೀಬೇಕು ಅನ್ನೋ ತೀರ್ಮಾನ ಆ ಅಜ್ಜಿ ಕೈಲಿಲ್ವಲ್ಲ. ಆ್ಯಪ್ ನಿಲ್ಲಿಸಿಬಿಟ್ವಿ.

ಈಗ ಮಾಡ್ತಿರೋದು ಬಯೋಚಾರ್, ಅಂದ್ರೆ ಇದ್ದಿಲು. ಕೊಯ್ಲು ಮುಗಿದು ಕಾಫಿ ಗಿಡದ ರೆಂಬೆ ಸವರಿದ್ಮೇಲೆ ಉಳಿಯೋ ಕಡ್ಡಿ, ಮರಗಸಿ ಮಾಡಿದಾಗ, ಅಂದ್ರೆ ನೆರಳಿನ ಮರ ಸವರಿದಾಗ ಸಿಗೋ ಸಿಲ್ವರ್ ಓಕ್ ಕೊಂಬೆ, ಲೈನವರ ಸೌದೆಗೆ ಬೇಕಾದಷ್ಟು ಬಿಟ್ಟು ಮಿಕ್ಕಿದ್ದನ್ನ ಚೆನ್ನಾಗಿ ಒಣಗಿಸ್ತೀವಿ. ಬಾಣಲೆ ಥರ ಗುಂಡಿ, ಬಾಯಿ ಅಗಲ, ತಳ ಚಿಕ್ಕದು. ಬೆಂಕಿ ಮೇಲಿಂದ ಹಚ್ಬೇಕು. ಮೇಲಿನ ಕಡ್ಡಿ ಮೇಲೆ ತೆಳ್ಳಗೆ ಬಿಳಿ ಬೂದಿ ಕಾಣಿಸ್ತಿದ್ದ ಹಾಗೇ ಇನ್ನೊಂದು ಪದರ ಹಾಕ್ಬೇಕು, ಆಗ ಮೇಲಿನ ಉರಿ ಗಾಳೀನ ತಾನೇ ತಿಂದ್ಕೊಂಡು ಕೆಳಗಿಂದಕ್ಕೆ ಆಮ್ಲಜನಕ ಸಿಗದೆ ಅದು ಬೂದಿಯಾಗದೆ ಇದ್ದಿಲಾಗುತ್ತೆ, ತಡ ಮಾಡಿದ್ರೆ ಬರೀ ಬೂದಿ, ಮೊದಲ್ನೇ ಸಲ ನಮಗೆ ಸಿಕ್ಕಿದ್ದೂ ಅದೇ. ಕೊನೇಲಿ ನೀರು ಸುರಿದು ಆರಿಸಿದಾಗ ಇದ್ದಿಲು ಗಾಜಿನ ಚೂರಿನ ಥರ ಕಿಣಿಕಿಣಿ ಅನ್ನುತ್ತೆ. ಏನೂ ಬೆರೆಸದೆ ಹಾಗೇ ಗಿಡದ ಬುಡಕ್ಕೆ ಹಾಕಿದ್ರೆ ಮಣ್ಣಲ್ಲಿರೋ ಸಾರಜನಕನ ಅದೇ ಹೀರ್ಕೊಳುತ್ತೆ, ಅದ್ಕೆ ಸಗಣಿ ಗಂಜಲದಲ್ಲಿ ನೆನೆಸಿ, ಗೊಬ್ಬರದ ಜೊತೆ ಕಲಸಿ ಹಾಕ್ತೀವಿ. ಕಡ್ಡಿ ಕೊಳೆತ್ರೆ ಅದರ ಇಂಗಾಲ ಕೆಲವೇ ವರ್ಷದಲ್ಲಿ ಗಾಳಿಗೆ ವಾಪಸ್, ಇದ್ದಿಲಾದ್ರೆ ಅದ್ರಲ್ಲಿ ಉಳಿದ ಇಂಗಾಲದ ಬಹುಪಾಲು ನೂರಾರು ವರ್ಷ ಮಣ್ಣಲ್ಲೇ.

ಹೋದ ವರ್ಷ ಒಂದು ದೊಡ್ಡ ಕಂಪನಿಯವ್ರು ಕಾರ್ಬನ್ ಕ್ರೆಡಿಟ್ ಕೊಳ್ತೀವಿ ಅಂತ ಬಂದ್ರು. ಒಂದು ಕ್ರೆಡಿಟ್ ಅಂದ್ರೆ ಗಾಳಿಗೆ ಸೇರದ ಹಾಗೆ ತಡೆದ ಇಲ್ಲಾ ಗಾಳಿಯಿಂದ ತೆಗೆದ ಒಂದು ಟನ್ ಕಾರ್ಬನ್ ಡೈಆಕ್ಸೈಡ್, ಅದನ್ನ ಕೊಂಡವ್ರು ತಾವು ಬಿಟ್ಟ ಹೊಗೆಗೆ ಸರಿದೂಗಿಸಿದ್ವಿ ಅಂತ ತೋರಿಸ್ಕೊಳ್ತಾರೆ. ನಮಗೆ ದುಡ್ಡಿನ ಅಗತ್ಯ ತುಂಬಾ ಇತ್ತು. ನಾನು ಕೇಳಿದ್ದು ಒಂದೇ, ನಿಮ್ಮ ಫ್ಯಾಕ್ಟರೀಲಿ ನೀವು ವರ್ಷಕ್ಕೆ ಎಷ್ಟು ಕಮ್ಮಿ ಮಾಡ್ತೀರ, ಅದನ್ನ ಅಗ್ರಿಮೆಂಟಲ್ಲಿ ಬರೀರಿ. ಬರಿಯಲ್ಲ ಅಂದ್ರು, ಬದಲಿಗೆ ಬೆಳೆಗಾರರ ಹತ್ರ ಪರಿಸರ ಪ್ರತಿಜ್ಞೆಗೆ ಸೈನ್ ಹಾಕ್ಸಿ ಫೋಟೋ ಕಳ್ಸಿ ಅಂದ್ರು. ನಾವು ಒಪ್ಲಿಲ್ಲ, ಫ್ರೆಂಡ್ ಜೊತೆ ಆ ರಾತ್ರಿ ಜೋರು ಜಗಳಾನೂ ಆಯ್ತು.

ಈಗ ಇದ್ದಿಲು ಗೊಬ್ಬರನ ಚೀಲದ ಲೆಕ್ಕದಲ್ಲಿ ಅಕ್ಕಪಕ್ಕದ ತೋಟದವ್ರಿಗೇ ಕೊಡ್ತಿದೀವಿ, ದುಡ್ಡು ನಿಧಾನಕ್ಕೆ ಬರ್ತಿದೆ. ಕಾಫಿ ಹೂ ಅರಳಿಸೋ ಹೂ ಮಳೆ ಬರೋದ್ರೊಳಗೆ ಇನ್ನೆರಡು ಗುಂಡಿ ತೆಗೀಬೇಕು, ಒಂದು ಆ ಅಜ್ಜಿ ಇರೋ ಲೈನ್ ಹಿಂದಿನ ತೋಟದಲ್ಲಿ.